ಮುಚ್ಚಿಟ್ಟ ಕೋಣೆಗೊಂದು ಬಲ್ಬು

ಬೇರೆ ಹೆಂಗಸರು ಮಲ್ಲಿಗೆ ಮುಡಿಯುವ ಜಾಗದಲ್ಲಿ ವಯರಿಂಗ್ ಅಕ್ಕ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಕೆಂಪು ಹಿಡಿಯ, ತುದಿ ಸವೆದ ಟೆಸ್ಟರ್. ಬಂದ್ಯೋಡಿನ ಸುತ್ತಮುತ್ತ ಏಣಿ ಹತ್ತಿ ಮನೆಗಳಿಗೆ ವಯರ್ ಎಳೆಯುತ್ತಿದ್ದ ಹೆಂಗಸು ಅವರೊಬ್ಬರೇ. ಗಂಡಸರು ಯಾರೂ ಬರಲಿಲ್ಲವೇ ಎಂದು ಕೇಳಿದವರಿಗೆಲ್ಲ ಅವರದ್ದು ಒಂದೇ ಉತ್ತರ. "ಕರೆಂಟಿಗೆ ಗಂಡಸು ಹೆಂಗಸು ಅಂತ ಇಲ್ಲ ಮಾರಾಯ್ರೆ. ಯಾರು ಮುಟ್ಟಿದ್ರೂ ಹೊಡೀತದೆ." ಅಷ್ಟು ಹೇಳಿ ಏಣಿ ಹಿಡಿಯಲು ಆ ಕೇಳಿದವರನ್ನೇ ನಿಲ್ಲಿಸುತ್ತಿದ್ದರು.

ನಾನು ಮನೆ ಮಾರಲು ಹೊರಟ ಚಳಿಗಾಲದಲ್ಲಿ ಅವರ ಪರಿಚಯವಾಯಿತು. ನನ್ನ ಗಂಡ ತೀರಿಕೊಂಡು ಒಂದು ವರ್ಷ ಕಳೆದಿತ್ತು. ಕಾರಡ್ಕದ ಶಾಲೆಗೆ ನನಗೆ ವರ್ಗವಾಗಿತ್ತು, ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿತ್ತು. ಆದರೆ ಮನೆ ಮಾರಾಟವಾಗಲಿಲ್ಲ. ನಮ್ಮ ತೆಂಕು ದಿಕ್ಕಿನ ನೆರೆಯವರು ಅದೇ ವರ್ಷ ಮಾಳಿಗೆ ಏರಿಸಿದ್ದರು. ನವೆಂಬರ್ ಬಂದು ಸೂರ್ಯ ತೆಂಕಕ್ಕೆ ವಾಲಿದ್ದೇ ತಡ, ಅದರ ನೆರಳು ನನ್ನ ಮನೆಯ ಮೇಲೆ ಬಿತ್ತು. ಕಾರ್ ಶೆಡ್ಡು ಕಟ್ಟಲು ನನ್ನ ಜಾಗದ ಮೇಲೆ ಅವರಿಗೆ ಕಣ್ಣಿತ್ತು. ನೋಡಲು ಬಂದವರಿಗೆಲ್ಲ ಅವರು ಪಾಗಾರದ ಗೋಡೆಯ ಆಚೆಯಿಂದ, "ಅದು ಕತ್ತಲೆ ಮನೆ. ಯಜಮಾನರು ಹೋದ ಮೇಲೆ ಅಲ್ಲಿ ಬೆಳಕೇ ನಿಲ್ಲುದಿಲ್ಲ" ಎನ್ನುತ್ತಿದ್ದರು. ಆ ಮಾತು ನನ್ನನ್ನು ಸುಡುತ್ತಿತ್ತು. ಇವರಿಗೆ ಮಾತ್ರ ಕೊಡುವುದಿಲ್ಲ ಎಂದು ಹಟ ಹಿಡಿದೆ. ನಾವಿಬ್ಬರೂ ಮುಂದೆ ನಿಂತು ಕಟ್ಟಿಸಿದ ಮನೆ. ಅದನ್ನು ಕೆಡವಿ ಕಾರು ನಿಲ್ಲಿಸುವುದು ಬೇಡ, ಅದರಲ್ಲಿ ಯಾರಾದರೂ ಬದುಕಬೇಕಿತ್ತು.

ಹಟಕ್ಕೆ ಬಿದ್ದು, ಒಂದನ್ನು ಬಿಟ್ಟು ಉಳಿದ ಕೋಣೆಗಳಿಗೆಲ್ಲ ಬಿಳಿ ಟ್ಯೂಬ್‌ಲೈಟ್ ಹಾಕಿಸಿದೆ. ನೋಡಲು ಬಂದವರು ಕಣ್ಣು ಕಿರಿದು ಮಾಡಿಕೊಂಡು ವಾಪಸು ಹೋದರು. ಆಮೇಲೆ ಯಾರೋ ಹೇಳಿದರೆಂದು ವಯರಿಂಗ್ ಅಕ್ಕನನ್ನು ಕರೆಸಿದೆ. ಅವರು ಹೊಸ್ತಿಲಲ್ಲೇ ನಿಂತರು.

"ಇದೆಂತ ಟೀಚರ್, ಮೀನು ಮಾರ್ಕೆಟಾ? ಎಲ್ಲ ಆಫ್ ಮಾಡಿ."

ಕತ್ತಲಾದ ಮನೆಯಲ್ಲಿ ಒಂದೊಂದು ಕೋಣೆಯಲ್ಲೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಕೆಲಸಕ್ಕೆ ಕೈ ಹಾಕುವ ಮೊದಲು ಅವರು ಹಾಗೆಯೇ ಮಾಡುವುದಂತೆ. ನೀರುಳ್ಳಿ ಎಲ್ಲಿ ಹೆಚ್ಚುತ್ತೀರಿ, ಪೇಪರ್ ಎಲ್ಲಿ ಕೂತು ಓದುತ್ತೀರಿ, ಮಕ್ಕಳ ಉತ್ತರ ಪತ್ರಿಕೆ ಎಲ್ಲಿ ತಿದ್ದುತ್ತೀರಿ ಎಂದು ಕೇಳಿದರು. ನಾನು ತೋರಿಸಿದ ಜಾಗಗಳಿಗಷ್ಟೇ ಹಳದಿ ಬಲ್ಬು ಹಾಕಿದರು, ಅದೂ ತಗ್ಗಿನಲ್ಲಿ. "ಲೈಟ್ ಬೇಕಾದ್ದು ಗೋಡೆಗೆ ಅಲ್ಲ, ಕೂತವರಿಗೆ." ಗೋಡೆಯ ಒದ್ದೆ ಕಲೆಯ ಮೇಲೆ ನಾನು ಕ್ಯಾಲೆಂಡರ್ ತೂಗುಹಾಕಿದ್ದೆ. ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಕಂಡರೆ ಕೇಳ್ತಾರೆ. ಕೇಳಿದ್ರೆ ಹೇಳ್ಲಿಕ್ಕೆ ನಿಮಗೆ ಬಾಯಿ ಉಂಟಲ್ಲ."

ಕೊನೆಗೆ ಉಳಿದದ್ದು ನನ್ನ ಗಂಡ ಮಲಗಿದ್ದ ಕೋಣೆ. ಅದರ ಬಾಗಿಲನ್ನು ನಾನು ಮುಚ್ಚಿಯೇ ಇಟ್ಟಿದ್ದೆ. ಬಂದವರಿಗೆ ಸ್ಟೋರ್ ರೂಮ್ ಎಂದು ಹೇಳಿಬಿಡುತ್ತಿದ್ದೆ. ಅಕ್ಕ ಬಾಗಿಲು ತಳ್ಳಿ ಸ್ವಿಚ್ ಒತ್ತಿದರು. ಬಲ್ಬೇ ಇರಲಿಲ್ಲ.

"ಆಚೆಯವರು ಕತ್ತಲೆ ಮನೆ ಅಂತ ಹೇಳುದು ಸುಳ್ಳಲ್ಲ ಹಾಗಾದ್ರೆ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಕೆಲಸ ಸಾಕು, ಹೊರಡಿ ಎಂದೆ. ಅವರು ಹೊರಡಲಿಲ್ಲ. ಸ್ಟೂಲಿನ ಮೇಲೆ ಹತ್ತಿ, ಮನೆಗೆಲ್ಲ ತಂದದ್ದರಲ್ಲಿ ದೊಡ್ಡ ಬಲ್ಬನ್ನು ಅಲ್ಲಿ ಹಾಕಿ, ಕಿಟಕಿಯನ್ನೂ ತೆರೆದು ಇಳಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಅತ್ತು ಬಂದು ಚಹಾ ಮಾಡಿಕೊಟ್ಟೆ. ಸಕ್ಕರೆ ಕಡಿಮೆಯಾಗಿದೆ ಎಂದರು.

ಮುಂದಿನ ಆದಿತ್ಯವಾರ ಮಧ್ಯಾಹ್ನದ ಮೇಲೆ ಬ್ಯಾರಿ ಸಮುದಾಯದ ದಂಪತಿ ಮನೆ ನೋಡಲು ಬಂದರು. ಕರೆಯದಿದ್ದರೂ ಅಕ್ಕ ಹಾಜರಾಗಿದ್ದರು. ಪಾಗಾರದ ಆಚೆಯಿಂದ ಅದೇ ಹಳೆಯ ಮಾತು ಕೇಳಿಸಿತು. ಅಕ್ಕ ಒಳಗೆ ಹೋಗಿ ಮೈನ್ ಸ್ವಿಚ್ಚನ್ನೇ ಇಳಿಸಿದರು. ಮನೆಯೆಲ್ಲ ಮಬ್ಬಾಯಿತು. ಅವರು ಬಂದವರನ್ನು ಅಂಗಳಕ್ಕೆ ಕರೆದು, ನೆಲದ ಮೇಲಿನ ನೆರಳಿನ ಅಂಚನ್ನು ಚಪ್ಪಲಿಯ ತುದಿಯಿಂದ ತೋರಿಸಿದರು.

"ನೋಡಿ, ಈ ಕತ್ತಲೆ ಮನೆಯದ್ದಲ್ಲ, ಇವರ ಮಾಳಿಗೆಯದ್ದು. ಫೆಬ್ರವರಿಯಲ್ಲಿ ಸೂರ್ಯ ಮೇಲೆ ಬರ್ತಾನೆ, ಇದು ಹೋಗ್ತದೆ. ಅಲ್ಲಿವರೆಗೆ ಲೈಟ್ ಹಾಕಿಕೊಳ್ಳಿ. ಸೂರ್ಯನನ್ನು ತಡೀಲಿಕ್ಕೆ ಇವರಿಂದ ಆಗುದು ಮೂರು ತಿಂಗಳು ಮಾತ್ರ."

ನೆರೆಯವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೈನ್ ಸ್ವಿಚ್ ಮತ್ತೆ ಮೇಲೇರಿತು. ಮನೆ ನೋಡಲು ಬಂದ ಹೆಂಗಸು ನೇರ ಕೊನೆಯ ಕೋಣೆಗೆ ಹೋಗಿ, ದೊಡ್ಡ ಬಲ್ಬಿನ ಕೆಳಗೆ ನಿಂತು, "ಇಲ್ಲಿ ನನ್ನ ಹೊಲಿಗೆ ಮೆಷಿನ್ ಇಡ್ಬಹುದು" ಎಂದಳು. ಅಕ್ಕ ನನ್ನ ಮುಖ ನೋಡಿದರು. ನಾನು ಬಾಯಿ ಬಿಟ್ಟೆ. ಗೋಡೆಯ ಒದ್ದೆಯನ್ನೂ ಹೇಳಿದೆ, ಗಂಡ ತೀರಿಕೊಂಡದ್ದು ಇದೇ ಕೋಣೆಯಲ್ಲಿ ಎಂದೂ ಹೇಳಿದೆ.

"ಮನೆ ಅಂದ ಮೇಲೆ ಅದೆಲ್ಲ ಇರ್ತದಲ್ಲ ಟೀಚರ್," ಎಂದಳು ಆಕೆ. ಒಂದು ವಾರದಲ್ಲಿ ಮಾತುಕತೆ ಮುಗಿಯಿತು. ಈಗಲೂ ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗ ನಾನು ಎಡಗಡೆಯ ಸೀಟು ಹಿಡಿಯುತ್ತೇನೆ. ಆ ಕಿಟಕಿಯಲ್ಲಿ ಬೆಳಕಿರುತ್ತದೆ, ಅದರ ಕೆಳಗೆ ಬಗ್ಗಿದ ತಲೆಯೊಂದು ಕಾಣುತ್ತದೆ.

ಕಳೆದ ಮಳೆಗಾಲದಲ್ಲಿ ವಯರಿಂಗ್ ಅಕ್ಕ ಹೋದರು. ಕಾಯಿಲೆ ಬಂದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅದೊಂದಕ್ಕೆ ಮಾತ್ರ ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ. ಅವರು ತೀರಿಕೊಂಡ ದಿನ ಮಧ್ಯಾಹ್ನವೇ ಮೋಡ ಕವಿದು, ಅವರನ್ನು ಮಲಗಿಸಿದ್ದ ಕೋಣೆ ಮಬ್ಬಾಗಿತ್ತು. ಬಂದವರು ಗೋಡೆಗಂಟಿಕೊಂಡು ಪಿಸುಗುಟ್ಟುತ್ತಿದ್ದರು. ಯಾರಿಗೂ ಅಕ್ಕನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಎದ್ದು ಹೋಗಿ ಸ್ವಿಚ್ ಒತ್ತಿದೆ.

"ಈಗ ಲೈಟ್ ಯಾಕೆ, ಆಫ್ ಮಾಡಿ," ಎಂದರು ಹಿರಿಯರೊಬ್ಬರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಆರಿಸಲಿಲ್ಲ.