ಹೊಂಗೆಮರದ ಕೆಳಗಿನ ಕಸ

ಜೂನ್ ಬಂತೆಂದರೆ ಈಗಲೂ ಏನೋ ಪುಳಕ. ಮಕ್ಕಳಿಗೆ ಬಯಲಲ್ಲಿ ಪಾಠ ಮಾಡುವ ಕೆಲಸ ನನ್ನದು. ಕಾಕ್ಸ್ ಟೌನಿನ ನಮ್ಮ ಪುಟ್ಟ ಶಾಲೆಯ ಹಿಂದಿನ ಹೊಂಗೆಮರವೇ ನನ್ನ ಕ್ಲಾಸ್‌ರೂಮು. ಉದುರಿದ ಎಲೆಗಳನ್ನು ರಜೆಯಿಡೀ ಹಾಗೇ ಬಿಟ್ಟು, ಶಾಲೆ ತೆರೆದ ದಿನ ಮಕ್ಕಳ ಕೈಯಲ್ಲಿ ಮೆಲ್ಲಗೆ ಎತ್ತಿಸುತ್ತೇನೆ. ಕೆಳಗೆ ಎರೆಹುಳು, ಸಹಸ್ರಪದಿ, ನನಗೂ ಹೆಸರು ಗೊತ್ತಿಲ್ಲದ ಜೀವಗಳು.

ಒಂದು ವರ್ಷ ಹೊಸ ಹೆಡ್‌ಮಿಸ್ ಬಂದಿದ್ದರು. ಯೂನಿಫಾರ್ಮ್ ಮಣ್ಣಾಗುತ್ತದೆಂದು ಕೆಲವು ತಾಯಂದಿರು ದೂರಿದ್ದರಂತೆ.

"ಮೊದಲ್ನೇ ದಿನ ನಾನೂ ಬಂದು ಕೂರ್ತೀನಿ. ಸರಿ ಅನ್ನಿಸ್ಲಿಲ್ಲ ಅಂದ್ರೆ ಮರದ ಕೆಳಗೆ ಟೈಲ್ಸ್ ಹಾಕ್ಸಿಬಿಡೋಣ. ಬೇಜಾರ್ ಮಾಡ್ಕೋಬೇಡಿ" ಎಂದರು ಹೆಡ್‌ಮಿಸ್. ಬೇಜಾರಂತೆ! ಶಾಲೆ ತೆರೆಯುವ ಹಿಂದಿನ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹೊರಮಾವಿನಿಂದ ಬಂದು ಬಸ್ಸಿಳಿದಾಗ ಮೋಡ ಮನೆಗಳ ತಾರಸಿಗೆ ತಾಗುವಷ್ಟು ಕೆಳಗಿತ್ತು. ಬೇಕರಿಯ ಬನ್ನಿನ ಘಮ, ಎಲ್ಲೋ ಚರ್ಚಿನ ಗಂಟೆ. ಅರೆನಿದ್ದೆಯಲ್ಲೇ ನಡೆದುಕೊಂಡು ಮರದ ಹತ್ತಿರ ಬಂದರೆ, ಅಯ್ಯೋ ದೇವರೇ, ಒಂದೇ ಒಂದು ಎಲೆಯಿಲ್ಲ! ನುಣ್ಣಗೆ ಗುಡಿಸಿದ ನೆಲ, ನಡುವೆ ಅಕ್ಕಿಹಿಟ್ಟಿನ ರಂಗೋಲಿ.

"ಹೆಡ್‌ಮಿಸ್ ಬರ್ತಾರಂತಲ್ಲ ಮಿಸ್. ನಿಮ್ ಮರ್ಯಾದೆ ಹೋಗ್ಬಾರ್ದು ಅಂತ ಎಲ್ಲಾ ಬಳಿದು ಹಾಕ್ಬಿಟ್ಟೆ" ಎಂದು ನಮ್ಮ ಆಯಮ್ಮ ಪೊರಕೆ ಹಿಡಿದು ನಗುತ್ತಾ ನಿಂತಿದ್ದರು. ಸಿಟ್ಟು ನೆತ್ತಿಗೇರಿತು. ಆ ಮುಖ ನೋಡಿ ನುಂಗಿಕೊಂಡೆ.

ಮಕ್ಕಳು ಬಂದರು. ಹೆಡ್‌ಮಿಸ್ ಕುರ್ಚಿ ಹಾಕಿಸಿಕೊಂಡು ಕೂತರು.

"ಮಿಸ್, ಇಲ್ಲಿ ಏನೂ ಇಲ್ವಲ್ಲಾ?" ಎಂದಳು ಎರಡು ಜಡೆಯ ಹುಡುಗಿಯೊಬ್ಬಳು.

ನಾನು ಬ್ಯಾಗು ಕೆಳಗಿಟ್ಟೆ. "ಹೌದು ಕಣೇ, ಏನೂ ಇಲ್ಲ. ಸುಮ್ನೆ ಕೂತ್ಕೊಳ್ಳೋಣ. ಯಾರು ಮೊದ್ಲು ಬರ್ತಾರೋ ನೋಡೋಣ."

ಕೂತೆವು. ದೂರದಲ್ಲಿ ರೈಲು ಹೋಯಿತು. ಗಾಳಿಗೆ ಹಳದಿ ಎಲೆಯೊಂದು ತೂಗುತ್ತಾ ಇಳಿಯಿತು. ನಾವೆಲ್ಲ ಒಟ್ಟಿಗೇ ಯಾವುದೋ ಕನಸಿನೊಳಗೆ ಜಾರಿದ ಹಾಗಿತ್ತು.

"ಬಂದ್ವು, ಬಂದ್ವು!" ಎಂದು ಹುಡುಗಿ ಪಿಸುಗುಟ್ಟಿದಳು. ಬೇರಿನ ಸಂದಿಯಿಂದ ಇರುವೆಗಳ ಸಾಲು ಹೊರಟು ರಂಗೋಲಿಯ ಅಂಚು ಮುಟ್ಟಿತ್ತು. ಒಂದೊಂದು ಇರುವೆಯೂ ಹಿಟ್ಟಿನ ಚೂರು ಹೊತ್ತು ತಿರುಗುತ್ತಿತ್ತು. ಮಕ್ಕಳು ನೆಲಕ್ಕೆ ಕೆನ್ನೆಯಿಟ್ಟು ಮಲಗಿಬಿಟ್ಟರು. ಹೊಸ ಯೂನಿಫಾರ್ಮಿನ ಗತಿ ಹೇಳುವುದೇ ಬೇಡ. ಮುಗಿಯಿತು ನನ್ನ ಕಥೆ ಎಂದುಕೊಂಡು ತಿರುಗಿದೆ.

ಕುರ್ಚಿ ಖಾಲಿಯಿತ್ತು. ಹೆಡ್‌ಮಿಸ್ ಮಕ್ಕಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದರು, ಸೆರಗು ಮಣ್ಣಿನಲ್ಲಿತ್ತು.

"ಆಯಮ್ಮ, ನಾಳೆಯಿಂದ ಇಲ್ಲಿ ಗುಡಿಸ್ಬೇಡಿ" ಎಂದರು ತಲೆಯೆತ್ತದೆ. "ರಂಗೋಲಿ ಮಾತ್ರ ಹಾಕಿ."