ಗುಳ್ಳೆ ಎದ್ದವರ ಲೆಕ್ಕ

ಕೊಳ್ಳೇಗಾಲದ ಆರೋಗ್ಯ ಕಚೇರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದಾಗ, ಸಿಡುಬಿನ ಲಸಿಕೆ ಹಾಕುವವರೊಬ್ಬರು ಸೈಕಲ್ಲಿನಲ್ಲಿ ಊರೂರು ತಿರುಗುತ್ತಿದ್ದರು. ಲಸಿಕೆ ಹಾಕಿದ ಎಂಟನೇ ದಿನ ಮತ್ತೆ ಅದೇ ಮನೆಗೆ ಹೋಗಿ, ಮಕ್ಕಳ ತೋಳನ್ನು ಬೆಳಕಿಗೆ ತಿರುಗಿಸಿ ಗುಳ್ಳೆ ಎದ್ದಿದೆಯೇ ಎಂದು ನೋಡುತ್ತಿದ್ದರು; ಗುಳ್ಳೆ ಎದ್ದರೆ ಮಾತ್ರ ಲಸಿಕೆ ಹಿಡಿದಂತೆ. ನಾನು ವರದಿ ಟೈಪು ಮಾಡಲು ಕೂತರೆ ಬೆನ್ನ ಹಿಂದೆ ನಿಂತು ಒಂದೇ ಮಾತು: "ಚುಚ್ಚಿದ್ದ ಬರೀಬ್ಯಾಡಿ ಸಾ, ಎದ್ದದ್ದ ಬರೀರಿ."

ಒಂದು ಬೇಸಿಗೆ ಹನೂರಿನ ಕಡೆ ಸಿಡುಬು ಕಾಣಿಸಿಕೊಂಡಿತು. ಇತ್ತ ಮಧುವನಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ ಒಂದು ಮಗುವಿಗೂ ಗುಳ್ಳೆ ಎದ್ದಿರಲಿಲ್ಲ.

"ಮಾರಮ್ಮ ಮುನೀತಾಳೆ ಅಂತ ತಾಯಂದಿರು ಔಷಧೀನ ಸೆರಗಲ್ಲಿ ಒರೆಸಿ ಹಾಕಿರ್ತಾರೆ, ಯಾವಾಗಲೂ ಇದ್ದದ್ದೇ," ಎಂದರು ನಮ್ಮ ಕಚೇರಿಯ ಡಾಕ್ಟರು. "ಎಲ್ಲರಿಗೂ ಎದ್ದಿದೆ ಅಂತ ಬರೀರಿ. ಬೆಂಗಳೂರಿನ ಮೇಲಧಿಕಾರಿಗಳು ಈ ಲೆಕ್ಕ ನೋಡಿಯೇ ನಮ್ಮ ಕೆಲಸ ಅಳೆಯೋದು, ಮತ್ತೆ ಔಷಧಿ ಕಳಿಸಬೇಕೋ ಬೇಡವೋ ತೀರ್ಮಾನ ಮಾಡೋದು."

"ಅದಕ್ಕೇ ಸಾ ಬ್ಯಾಡ ಅನ್ನೋದು." ಲಸಿಕೆಯವರು ಡಾಕ್ಟರ ಮುಂದೆ ಬಂದು ನಿಂತರು. "ಅದೇ ಔಷ್ದಿನ ಅವತ್ತೇ ನನ್ ಮಗಳ್ಗೂ ಆಕಿದ್ದೆ. ಅವಳ್ಗೂ ಎದ್ದಿಲ್ಲ. ಅವಳ ತೋಳ ಯಾರು ಒರೆಸಿದ್ರು? ಬಿಸ್ಲಿಗೆ ಔಷ್ದಿನೇ ಕೆಟ್ಟೋಗ್ಬುಟ್ಟದೆ."

ಡಾಕ್ಟರು ಕಿಟಕಿಯ ಕಡೆ ತಿರುಗಿದರು. ನಾನು ಟೈಪ್‌ರೈಟರಿನಲ್ಲಿದ್ದ ಹಾಳೆ ಕಿತ್ತು ಹೊಸದನ್ನು ಸೇರಿಸಿದೆ. ಗುಳ್ಳೆ ಏಳದವರ ಪಟ್ಟಿಯಲ್ಲಿ ಲಸಿಕೆಯವರು ಹೇಳಿ ಬರೆಸಿದ ಮೊದಲ ಹೆಸರು ತಮ್ಮ ಮಗಳದು.