ಹಡಗು ಹತ್ತಿದ ದುಂಡುಮಲ್ಲಿಗೆ

ಅಪ್ಪನಿಗೆ ಆಫ್ರಿಕದಲ್ಲಿ ಕೆಲಸ ಸಿಕ್ಕಿದ ಸುದ್ದಿ ಜಯನಗರದ ನಮ್ಮ ರಸ್ತೆಯಲ್ಲಿ ಹರಡಲು ಅರ್ಧ ದಿನವೂ ಹಿಡಿಯಲಿಲ್ಲ. ಅರವತ್ತರ ದಶಕದ ಶುರುವಿನ ಮಾತು. ರಸ್ತೆಯಲ್ಲಿ ಇದ್ದದ್ದೇ ಬೆರಳೆಣಿಕೆಯ ಮನೆಗಳು, ನಡುನಡುವೆ ಖಾಲಿ ಸೈಟು, ಆ ಸೈಟುಗಳಲ್ಲಿ ಮೇಯಲು ಬರುತ್ತಿದ್ದ ಸುದ್ದಗುಂಟೆಪಾಳ್ಯದ ಎಮ್ಮೆಗಳು. ಸುದ್ದಿಗೆ ಅಡ್ಡಬರುವಂಥದ್ದೇನೂ ಇರಲಿಲ್ಲ. ಸಂಜೆಯೊಳಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು, ಅಲ್ಲಿ ಸಿಂಹ ಹಿತ್ತಲಿಗೇ ಬರುತ್ತದಂತೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅದೇ ಉಸಿರಿನಲ್ಲಿ ನಮ್ಮ ರುಬ್ಬುವ ಕಲ್ಲು ಯಾರಿಗೆ ಕೊಡುತ್ತೀರಿ ಎಂದೂ ಕೇಳಿದರು.

ಅಪ್ಪ ನೀರು ಸರಬರಾಜಿನ ಇಂಜಿನಿಯರು. ನೀರಿನ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ನಾವು ನಂಬಿದ್ದೆವು. ಅವರಂತೂ ಯಾವ ಅನುಮಾನವೂ ಇಲ್ಲದೆ ನಂಬಿದ್ದರು. ಜೊತೆಗೆ ಅವರು ವಿಚಾರವಂತರು. ಭಾನುವಾರ ಬೆಳಿಗ್ಗೆ ಜಗುಲಿಯಲ್ಲಿ ಕಾಫಿ ಹಿಡಿದು ಕೂತರೆಂದರೆ ಮೂಢನಂಬಿಕೆಯ ಮೇಲೆ ಭಾಷಣ ಶುರು. ಕೇಳುವವರು ನಾನು, ಪೇಪರಿನ ದುಡ್ಡಿಗೆ ಬಂದವನು, ಮತ್ತೆ ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ಅಮ್ಮ. ಭಾಷಣ ಮುಗಿಯುವಷ್ಟರಲ್ಲಿ ಅಮ್ಮನ ಕಣ್ಣಲ್ಲಿ ನೀರಿರುತ್ತಿತ್ತು. ಅಪ್ಪ ಅದನ್ನು ತಮ್ಮ ಮಾತಿನ ಪರಿಣಾಮ ಎಂದುಕೊಳ್ಳುತ್ತಿದ್ದರು.

ಭಾಷಣಕ್ಕೆ ಅವರ ಅಚ್ಚುಮೆಚ್ಚಿನ ವಿಷಯವೆಂದರೆ ಅಮ್ಮ ತಿಂಗಳಿಗೆ ಮೂರು ದಿನ 'ಹೊರಗೆ' ಕೂರುತ್ತಿದ್ದದ್ದು. ಆ ಮೂರು ದಿನ ಅಮ್ಮ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ, ಗಿಡಗಳ ಹತ್ತಿರವಂತೂ ಸುಳಿಯುತ್ತಿರಲಿಲ್ಲ. ಮುಟ್ಟಾದ ಹೆಂಗಸಿನ ನೆರಳು ಬಿದ್ದರೂ ಮಲ್ಲಿಗೆ ಒಣಗುತ್ತದೆ ಎಂದು ಅವಳ ಅಮ್ಮ ಹೇಳಿಕೊಟ್ಟಿದ್ದಳು. "ಗಿಡಕ್ಕೇನು ಕಣ್ಣಿದೆಯಾ ನೋಡೋಕೆ?" ಎಂದು ಅಪ್ಪ ಗುಡುಗುತ್ತಿದ್ದರು. ಗುಡುಗಿದ ಮೇಲೆ ಷರ್ಟು ಹಾಕಿಕೊಂಡು ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದು ಬರುತ್ತಿದ್ದರು. ಸಿದ್ಧಾಂತ ಬೇರೆ, ಹಸಿವು ಬೇರೆ. ಗಿಡಗಳಿಗೆ ನೀರು ಹಾಕುವ ಕೆಲಸ ನನಗೆ ಬೀಳುತ್ತಿತ್ತು.

ಆಫ್ರಿಕದ ವಿಷಯ ತಿಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಗಿಡ ತಗೊಂಡು ಹೋಗ್ಬಹುದಾ?"

ಗಿಡವೆಂದರೆ ದುಂಡುಮಲ್ಲಿಗೆ. ಮನೆಯ ಪಕ್ಕದ ಸಣ್ಣ ಜಾಗದಲ್ಲಿ ಕನಕಾಂಬರ, ಮರುಗ, ದೊಡ್ಡಪತ್ರೆ, ಕರಿಬೇವು ಎಲ್ಲ ಇದ್ದವು. ಅವನ್ನೆಲ್ಲ ಕಾಲುಂಗುರದ ಕಾಲಲ್ಲಿ ಒಂದು ಸುತ್ತು ಹಾಕಿ ಪಕ್ಕದವರಿಗೆ ಹಂಚಿಬಿಟ್ಟಳು. ಮಲ್ಲಿಗೆಯ ಮಾತು ಬೇರೆ. ಅವಳ ತವರು ತಲಘಟ್ಟಪುರದಲ್ಲಿತ್ತು. ಮದುವೆಯಾದ ವರ್ಷ ಅಜ್ಜಿ ಆ ಗಿಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಗಾಡಿಯಲ್ಲಿ ಕಳಿಸಿದ್ದಳು. ಆಮೇಲೆ ಅಜ್ಜಿ ಹೋದಳು, ಸೋದರಮಾವಂದಿರು ಮನೆ ತೋಟ ಎಲ್ಲ ಮಾರಿ ದಿಕ್ಕಿಗೊಬ್ಬರಾದರು. ತವರು ಅಂತ ಅಮ್ಮನಿಗೆ ಉಳಿದದ್ದು ಆ ಗಿಡ ಒಂದೇ. ನಾವಿದ್ದದ್ದು ಬಾಡಿಗೆ ಮನೆ. ನಾವು ಗೇಟು ದಾಟುವುದನ್ನೇ ಕಾಯುತ್ತಿದ್ದ ಮಾಲೀಕರು, ಗಿಡಗಳಿದ್ದ ಜಾಗದಲ್ಲಿ ಇನ್ನೂ ಕೊಂಡಿರದ ಕಾರಿಗೆ ಷೆಡ್ಡು ಕಟ್ಟುವವರಿದ್ದರು.

"ಒಂದು ರೆಂಬೆ ಕತ್ತರಿಸ್ಕೊಂಡ್ರೆ ಸಾಕಲ್ವಾ?" ಎಂದು ಅಪ್ಪ ಕೇಳಿದರು.

"ಬೇರು ಇಲ್ಲೇ ಬಿಟ್ಟು ಹೋಗೋದಾದ್ರೆ ನಾನೂ ಇಲ್ಲೇ ಇರ್ತೀನಿ. ನೀವು ಹೋಗ್ಬನ್ನಿ," ಎಂದಳು ಅಮ್ಮ. ಅವಳು ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲವೆಂದು ಕಾಣುತ್ತದೆ, ಎದ್ದು ಹೋಗಿ ಖಾಲಿ ಎಣ್ಣೆ ಡಬ್ಬವೊಂದನ್ನು ಹುಡುಕಿ ತಂದರು.

ಎಣ್ಣೆ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಕೆಮ್ಮಣ್ಣು ಗೊಬ್ಬರ ತುಂಬಿ, ಗಿಡವನ್ನು ಬುಡಸಮೇತ ಕಿತ್ತು ನೆಟ್ಟದ್ದಾಯಿತು. ಆ ಕೆಲಸಕ್ಕೂ ಒಳ್ಳೆಯ ವಾರ ನೋಡಿದಳು. ಅಪ್ಪ ಅದಕ್ಕೊಂದು ಭಾಷಣ ಮಾಡಿದರು. ಬೊಂಬಾಯಿಯವರೆಗಿನ ರೈಲಿನಲ್ಲಿ ಡಬ್ಬ ಅಮ್ಮನ ಕಾಲುಗಳ ನಡುವೆ ಇತ್ತು. ಬಂದರಿನಲ್ಲಿ ಅಧಿಕಾರಿಯೊಬ್ಬ ಇದೇನೆಂದು ಕೇಳಿದ. ಅಪ್ಪ ತಮ್ಮ ಹುದ್ದೆಯನ್ನು ಹೇಳಿಕೊಂಡರು, ಅವನಿಗೆ ಅದು ನಾಟಲಿಲ್ಲ. ಅಮ್ಮ ಒಂದು ಮೊಗ್ಗು ಕಿತ್ತು ಅವನ ಮೇಜಿನ ಮೇಲಿಟ್ಟಳು. ಅವನು ಮೂಸಿ ನೋಡಿ ಮುಂದಕ್ಕೆ ಬಿಟ್ಟ.

ಹಡಗಿನಲ್ಲಿ ಮೊದಲ ಕೆಲವು ದಿನ ಎಲ್ಲ ಸರಿಯಾಗಿಯೇ ಇತ್ತು, ನನ್ನ ಹೊಟ್ಟೆಯೊಂದನ್ನು ಬಿಟ್ಟು. ನಾನು ಮೇಲಿನ ಹಾಸಿಗೆಯಲ್ಲಿ ಬಕೆಟ್ಟು ಅಪ್ಪಿಕೊಂಡು ಬಿದ್ದಿದ್ದೆ. ಡಬ್ಬವನ್ನು ನಮ್ಮ ಕೋಣೆಯ ಆಚೆ, ಮೆಟ್ಟಿಲ ಪಕ್ಕ ಬೆಳಕು ಬೀಳುವ ಮೂಲೆಯಲ್ಲಿ ಇಟ್ಟಿದ್ದರು. ಅಮ್ಮ ಕೋಣೆಯೊಳಗಿನ ಕೈತೊಳೆಯುವ ಬೇಸಿನ್ನಿನಿಂದ ಚೊಂಬಿನಲ್ಲಿ ನೀರು ಹಿಡಿದು ಹಾಕಿ ಬರುತ್ತಿದ್ದಳು. ಗಿಡ ನನಗಿಂತ ಗಟ್ಟಿಮುಟ್ಟಾಗಿತ್ತು.

ಅಷ್ಟರಲ್ಲಿ ಅಮ್ಮ ಹೊರಗಾದಳು. ಹಡಗಿನಲ್ಲಿ ಹೊರಗೆ ಎಂದರೆ ಸಮುದ್ರ. ಬೇರೆ ದಾರಿ ಇಲ್ಲದೆ ಕೋಣೆಯ ಮೂಲೆಯಲ್ಲಿ ಬೇಸಿನ್ನಿನ ಪಕ್ಕ ಚಾಪೆ ಹಾಕಿಕೊಂಡು ಕೂತಳು. ನಾನು ಏಳುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಗಿಡ ಅಪ್ಪನ ಪಾಲಿಗೆ ಬಂತು.

"ರೀ, ಈ ಬೇಸಿನ್ ನೀರು ಬೇಡ. ನಾನು ಪಕ್ಕದಲ್ಲೇ ಕೂತಿದೀನಿ, ಮೈಲಿಗೆ. ಆ ಕೊನೇಲಿ ಬಚ್ಚಲು ಇದೆಯಲ್ಲ, ಅಲ್ಲಿಂದ ತಂದು ಹಾಕಿ," ಎಂದಳು.

ಅಪ್ಪ ಇದನ್ನೂ ಖಂಡಿಸಿದರು. ಖಂಡಿಸಿ ಇನ್ನೊಂದು ಬಕೆಟ್ಟು ಹಿಡಿದು ಬಚ್ಚಲಿಗೆ ಹೋದರು. ಅಲ್ಲಿ ಬಿಳೀ ದೊರೆಗಳು ಮೈಚಾಚಿ ಮಲಗುವಂಥ ದೊಡ್ಡ ತೊಟ್ಟಿ, ಅದರ ಮೇಲೆ ದೊಡ್ಡ ನಲ್ಲಿ. ನಾವ್ಯಾರೂ ಅದನ್ನು ತಿರುಗಿಸಿರಲಿಲ್ಲ, ಪಕ್ಕದ ಪಾತ್ರೆಯಲ್ಲಿ ಇಟ್ಟಿರುತ್ತಿದ್ದ ನೀರನ್ನು ಚೊಂಬಿನಲ್ಲಿ ಹುಯ್ದುಕೊಂಡು ಸ್ನಾನ ಮುಗಿಸುತ್ತಿದ್ದೆವು. ಗಿಡಕ್ಕೆ ಅಷ್ಟು ಜಿಪುಣತನ ಯಾಕೆಂದು ಅಪ್ಪ ದೊಡ್ಡ ನಲ್ಲಿಯನ್ನೇ ತಿರುಗಿಸಿದರು. ಮೂರು ದಿನವೂ ಬೆಳಿಗ್ಗೆ ಸಂಜೆ ಉದಾರವಾಗಿ ಹುಯ್ದರು. ಊರಿಗೆಲ್ಲ ನೀರು ಕೊಟ್ಟ ಕೈ.

ಅಮ್ಮ ತಲೆಗೆ ಸ್ನಾನ ಮಾಡಿ ಗಿಡ ನೋಡಲು ಹೋದಾಗ ಎಲೆಗಳು ಕಂದಿ ಸುರುಟಿಕೊಂಡಿದ್ದವು. ಮುಟ್ಟಿದರೆ ಉದುರುತ್ತಿದ್ದವು. ಅವಳು ಮೆಟ್ಟಿಲ ಮೇಲೆ ಕೂತು ಡಬ್ಬವನ್ನು ಮಡಿಲಿಗೆ ಎಳೆದುಕೊಂಡು ಗಟ್ಟಿಯಾಗಿ ಅತ್ತಳು. ಅಜ್ಜಿ ಸತ್ತಾಗ ಅವಳು ಹಾಗೆ ಅತ್ತದ್ದನ್ನು ನೋಡಿದ್ದೆ. ಓಡಾಡುವ ಜನ ಸೀರೆ ದಾಟಿಕೊಂಡು ಹೋಗುತ್ತಿದ್ದರು.

"ನಂದೇ ತಪ್ಪು. ನಿನ್ನೆ ತಡೆಯಕ್ಕಾಗ್ದೆ ಬಾಗಿಲ ಸಂದೀಲಿ ಇಣುಕಿ ನೋಡ್ಬಿಟ್ಟೆ," ಎಂದು ಹಿಂದೆ ಬಂದು ನಿಂತಿದ್ದ ಅಪ್ಪನಿಗೆ ಹೇಳಿದಳು.

ಅಷ್ಟು ಹೊತ್ತಿಗೆ ನಾನು ಎದ್ದು ಓಡಾಡುವಂತಾಗಿದ್ದೆ. ಆ ಬೆಳಿಗ್ಗೆಯೇ ದೊರೆಸಾನಿಯ ಹಾಗೆ ತೊಟ್ಟಿಯಲ್ಲಿ ಮಲಗಬೇಕೆಂಬ ಆಸೆಯಿಂದ ದೊಡ್ಡ ನಲ್ಲಿ ಬಿಟ್ಟುಕೊಂಡಿದ್ದೆ, ನೀರು ಬಾಯಿಗೆ ಹೋಗಿ ಉಗುಳಿದ್ದೆ. ನಲ್ಲಿಯ ಮೇಲೆ, ಇದು ಸಮುದ್ರದ ನೀರು ಎಂದು ಇಂಗ್ಲಿಷಿನಲ್ಲಿ ದಪ್ಪ ಅಕ್ಷರದ ಬೋರ್ಡಿತ್ತು. ಡಬ್ಬದ ಮಣ್ಣಿನ ಮೇಲೆ ಬಿಳಿಯ ಪುಡಿ ಕಟ್ಟಿದ್ದನ್ನೂ ಈಗ ನೋಡಿದೆ.

"ಅಮ್ಮ, ಅಪ್ಪ ಹಾಕಿದ್ದು ಉಪ್ಪುನೀರು. ಆ ನಲ್ಲೀಲಿ ಬರೋದೇ ಸಮುದ್ರದ ನೀರು," ಎಂದೆ.

"ಸುಮ್ನಿರೇ. ಅಪ್ಪ ನೀರಿನ ಇಂಜಿನಿಯರು. ಅವರಿಗೆ ಅಷ್ಟೂ ಗೊತ್ತಾಗಲ್ವಾ?" ಎಂದು ಅಮ್ಮ ನನ್ನನ್ನೇ ಗದರಿದಳು. ಆಮೇಲೆ ಅಪ್ಪನ ಮುಖ ನೋಡಿದಳು. "ಅಲ್ವೇನ್ರೀ?"

ಅಪ್ಪ ಸಮುದ್ರದ ಕಡೆ ನೋಡಿದರು. ಮೀನುಗಳೇನಾದರೂ ಉತ್ತರ ಹೇಳಿಕೊಡಬಹುದೆಂದು ಕಾದರೋ ಏನೋ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಏನು ಹೇಳೋದು, ಹಿರಿಯರು ಸುಮ್‌ಸುಮ್ನೆ ಶಾಸ್ತ್ರ ಮಾಡಿರಲ್ಲ," ಎಂದರು.

ಅದು ಅಪ್ಪನ ಬಾಯಿಂದ ಬಂದ ಮಾತು! ನನಗೆ ಅಂಥ ಸಿಟ್ಟು ಬಂತೆಂದರೆ ಆ ಬಕೆಟ್ಟನ್ನು ಅವರ ತಲೆಗೇ ಬೋರಲು ಹಾಕಬೇಕೆನಿಸಿತು. ಜಯನಗರದ ಜಗುಲಿಯಲ್ಲಿ ಕುಡಿದ ಅಷ್ಟೂ ಕಾಫಿ ದಂಡ. ಅಮ್ಮನಿಗೆ ಮಾತ್ರ ಆ ಮಾತಿನಿಂದ ಒಂದು ಥರದ ಸಮಾಧಾನವೇ ಆಯಿತು. ಗಂಡ ಬೈಯಲಿಲ್ಲವಲ್ಲ! ಅವಳು ಮೂಗೊರೆಸಿಕೊಂಡು ಎದ್ದಳು. ಮೊಂಬಾಸಾದಲ್ಲಿ ಇಳಿದಾಗ ಬಂದರಿನವರು ಡಬ್ಬದೊಳಗಿನ ಕಡ್ಡಿಗಳನ್ನು ನೋಡಿ ನಕ್ಕು ಕಸಕ್ಕೆ ಹಾಕಿದರು. ಅಮ್ಮ ಬೇಡವೆನ್ನಲಿಲ್ಲ.

ನಾವು ಹೋಗಿ ಸೇರಿದ ಊರಿನಲ್ಲಿ ಸಿಂಹ ಇರಲಿಲ್ಲ. ದುಂಡುಮಲ್ಲಿಗೆ ಮಾತ್ರ ಬೀದಿಬೀದಿಯಲ್ಲಿತ್ತು. ಎದುರುಮನೆಯ ಗುಜರಾತಿ ಹೆಂಗಸು ಕೇಳದೆಯೇ ಬೇರು ಬಿಟ್ಟ ಗಿಡವೊಂದನ್ನು ಕುಂಡದಲ್ಲಿ ತಂದುಕೊಟ್ಟಳು. ಅಮ್ಮ ಅದನ್ನು ಬಹಳ ದಿನ ಹಾಗೇ ಇಟ್ಟಿದ್ದಳು. ನೆಟ್ಟರೆ ತನ್ನ ಕೈಯಿಂದ ಇದೂ ಸಾಯುತ್ತದೆಂಬ ಹೆದರಿಕೆ. ಕೊನೆಗೆ ಗೇಟಿನ ದಾರಿಯ ಪಕ್ಕದಲ್ಲಿ ನಾನೇ ನೆಟ್ಟೆ.

ಎರಡು ವರ್ಷದ ಮೇಲೆ ನಾನು ದೊಡ್ಡವಳಾದೆ. ಅಮ್ಮ ಆರತಿ ಮಾಡಿದಳು, ಸಿಹಿ ಮಾಡಿದಳು, ಆಮೇಲೆ ಪಕ್ಕ ಕೂರಿಸಿಕೊಂಡು ಮೆಲ್ಲಗೆ ಹೇಳಿದಳು. "ಆ ದಿನಗಳಲ್ಲಿ ಗಿಡದ ಹತ್ರ ಹೋಗ್ಬೇಡಮ್ಮ. ಹಡಗಲ್ಲಿ ನನ್ನಿಂದ ಏನಾಯ್ತು ಅಂತ ನೀನೇ ನೋಡಿದೀಯಲ್ಲ."

ಅವಳ ದನಿಯಲ್ಲಿ ಇನ್ನೂ ನೋವಿತ್ತು. ಅಪ್ಪ ಅಲ್ಲೇ ಪೇಪರು ಓದುತ್ತಿದ್ದರು. ಪುಟ ತಿರುವಿದರು.

ಅಂದಿನಿಂದ ತಿಂಗಳು ತಿಂಗಳೂ ಆ ಮೂರು ದಿನವೇ ಆರಿಸಿಕೊಂಡು, ಅಮ್ಮನ ಕಣ್ಣು ತಪ್ಪಿಸಿ ಗಿಡಕ್ಕೆ ನೀರು ಹಾಕಿದೆ. ಬುಡ ಕೆದಕಿದೆ, ಎಲೆ ಸವರಿದೆ, ನೆರಳು ಪೂರ್ತಿ ಬೀಳುವ ಹಾಗೆ ನಿಂತೆ. ಮಳೆಗಾಲ ಮುಗಿದ ಮೇಲೆ ಗಿಡ ನಾಚಿಕೆಯಿಲ್ಲದೆ ಹೂಬಿಟ್ಟಿತು. ಒಂದು ಸಂಜೆ ಅಮ್ಮ ನನಗೆ ಜಡೆ ಹಾಕಿ ಮೊಳ ಹೂವು ಮುಡಿಸುತ್ತ, "ನೋಡು, ಶಾಸ್ತ್ರ ಬಿಡದೆ ನಡ್ಕೊಂಡ್ರೆ ಗಿಡ ಹೇಗೆ ನಗ್ತಾ ಇರುತ್ತೆ," ಎಂದಳು.

"ಅಮ್ಮ, ನಾನೀಗ ಹೊರಗಿದೀನಿ," ಎಂದೆ. "ಬೆಳಿಗ್ಗೆಯಿಂದ. ಹೇಳಿರ್ಲಿಲ್ಲ. ಈ ಹೂವು ಬಿಡಿಸಿದ್ದು ನಾನೇ. ಪ್ರತಿ ತಿಂಗಳು ಈ ದಿನಗಳಲ್ಲೇ ನೀರು ಹಾಕಿದೀನಿ."

ಜಡೆಯಲ್ಲಿದ್ದ ಕೈ ನಿಂತಿತು. ಬೈಯುತ್ತಾಳೆಂದು ಕಾದೆ. ಅವಳು ಎದ್ದು ಕಿಟಕಿಯಿಂದ ಗಿಡವನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಅಪ್ಪನ ಕಡೆ ತಿರುಗಿದಳು.

"ಹಡಗಲ್ಲಿ ಯಾವ ನೀರು ಹಾಕಿದ್ರಿ?"

ಪೇಪರು ಕೆಳಗಿಳಿಯಿತು. "ಬೋರ್ಡು ಆಮೇಲೆ ನೋಡ್ದೆ ಕಣೇ," ಎಂದರು ಅಪ್ಪ, ಬಹಳ ಸಣ್ಣ ದನಿಯಲ್ಲಿ.

ಅಮ್ಮ ಕೂಗಾಡಲಿಲ್ಲ. ಮತ್ತೆ ನನ್ನ ಹಿಂದೆ ಬಂದು ಕೂತು, ಬಿಟ್ಟ ಕಡೆಯಿಂದ ಹೂವು ಮುಡಿಸಿ ಮುಗಿಸಿದಳು.

"ಇನ್ಮೇಲೆ ನೀವು ಗಿಡದ ಹತ್ರ ಬರ್ಬೇಡಿ," ಎಂದಳು. "ನಿಮ್ಮ ನೆರಳೂ ಬೀಳ್ಬಾರದು."

ಮರುದಿನ ಬೆಳಿಗ್ಗೆ ಅಪ್ಪ ಮುಂಬಾಗಿಲಿನಿಂದ ಹೊರಡಲಿಲ್ಲ. ಹ್ಯಾಟನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಹಿಂಬಾಗಿಲಿನಿಂದ ಇಳಿದು, ಮನೆ ಸುತ್ತಿಕೊಂಡು, ಆಚೆ ಗೋಡೆಗೆ ಅಂಟಿಕೊಂಡೇ ಗೇಟಿಗೆ ಹೋದರು.